ಕಟ್ಟಿ ಬಾ

ಕೊಯ್ಲಿನ ಕೊನೆಯ ವಾರ. ಗಾಳಿ ದಿಕ್ಕು ಬದಲಿಸಿ ಮೂರು ದಿನವಾಗಿತ್ತು. ಬಲಿತು ಬಿಳಿಚಿದ ಗೋಧಿ ತೆನೆಗಳು ಒಂದಕ್ಕೊಂದು ತಾಗಿ, ತರಗೆಲೆಯ ಮೇಲೆ ಯಾರೋ ನಡೆದ ಹಾಗೆ ಸದ್ದು ಮಾಡುತ್ತಿದ್ದವು. ಹೊಲದ ಮೂಡಣ ಅಂಚಿನಿಂದ ಹನ್ನೊಂದು ಹೆಂಗಸರು ಸಾಲು ಹಿಡಿದು ಕೊಯ್ಯುತ್ತಿದ್ದರು. ಎಡಗೈಯಲ್ಲಿ ಹಿಡಿ, ಬಲಗೈಯಲ್ಲಿ ಕುಡುಗೋಲು, ಒಂದು ಎಳೆತ, ಒಂದು ಹೆಜ್ಜೆ. ಕೊಯ್ದದ್ದನ್ನು ಹಿಂದಕ್ಕೆ ಮಲಗಿಸಿ ಮತ್ತೊಂದು ಹೆಜ್ಜೆ. ಹೊತ್ತು ಮಾರುದ್ದ ಏರುವಷ್ಟರಲ್ಲೇ ಬೆನ್ನುಗಳೆಲ್ಲ ಒದ್ದೆಯಾಗಿದ್ದವು.

ಬದುವಿನ ಮೇಲೆ ನಿರ್ದೇಶಕಿ ಅತ್ತಿಂದಿತ್ತ, ಇತ್ತಿಂದತ್ತ ನಡೆಯುತ್ತಿದ್ದಳು. ಅವಳೊಬ್ಬಳ ಚಪ್ಪಲಿಗೇ ಬದುವಿನ ಹುಲ್ಲು ಸವೆದು ಕಾಲುಹಾದಿ ಬಿದ್ದಿತ್ತು. ಒಮ್ಮೆ ಆಕಾಶ ನೋಡುವಳು, ಒಮ್ಮೆ ಕ್ಯಾಮೆರಾ ನೋಡುವಳು, ಒಮ್ಮೆ ಕೈಗಡಿಯಾರ. ಸಾಲು ನಡುಹೊಲ ಮುಟ್ಟಿತು. ಅವಳು ಕೈಯಲ್ಲಿದ್ದ ತುತ್ತೂರಿ ಬಾಯಿಗಿಟ್ಟು ಕೂಗಿದಳು.

"ಕಟ್!"

ಹನ್ನೊಂದು ಹೆಂಗಸರೂ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿ, ಹಿಂದಕ್ಕೆ ತಿರುಗಿ, ಗೋಧಿ ಕಡ್ಡಿಯ ಹುರಿ ಹೊಸೆದು, ಕೊಯ್ದದ್ದನ್ನು ಸಿವುಡು ಕಟ್ಟತೊಡಗಿದರು.

"ಅಯ್ಯೋ! ಕಟ್! ಕಟ್ ಅಂದೆ!"

ಅವರು ಇನ್ನೂ ಬೇಗ ಬೇಗ ಕಟ್ಟಿದರು.

ಕ್ಯಾಮೆರಾದ ಹಿಂದಿನಿಂದ ಛಾಯಾಗ್ರಾಹಕ ತಲೆಯೆತ್ತಿದ. ಉದ್ದ ಕಾಲು, ಉದ್ದ ಕತ್ತು. ತಂಡದವರೆಲ್ಲ ಅವನನ್ನು ಕೊಕ್ಕರೆ ಎಂದೇ ಕರೆಯುತ್ತಿದ್ದರು. "ಮೇಡಂ, ಇನ್ನೊಂದು ಸಲ ಕೂಗ್ಬೇಡಿ. ಹೊಲ ಪೂರ್ತಿ ಕಟ್ಟಿ ನಮ್ಮ ಗಾಡಿಗೇ ಹೇರಿಬಿಡ್ತಾರೆ."

ಸಾಲಿನ ಮುಂದಾಳು ಹಲ್ಲಿಲ್ಲದ ಮುದುಕಿ. ಸಿವುಡಿನ ಮೇಲೆ ಮೊಣಕಾಲೂರಿ ಹುರಿ ಬಿಗಿಯುತ್ತಲೇ ಅಂದಳು: "ಕಟ್ಟು ಅನ್ನೋರೂ ನೀವೇ, ಕಟ್ಟಿದ್ರೆ ಬಾಯಿ ಬಡ್ಕೊಳ್ಳೋರೂ ನೀವೇ. ನಾವು ಯಾವ ಕಿವೀಲಿ ಕೇಳೋಣ ಹೇಳಿ?"

"ಕಟ್ ಅಂದ್ರೆ ನಿಲ್ಲಿಸಿ ಅಂತ, ಅಜ್ಜಿ. ನಿನ್ನೆ ಹತ್ತು ಸಲ ಹೇಳಿದ್ದೀನಿ."

"ಹೇಳಿದ್ರಿ. ತಲೆಗೆ ಹೋಯ್ತು, ಕೈಗೆ ಹೋಗಿಲ್ಲ. ಐವತ್ತು ವರ್ಷದಿಂದ ಯಾರಾದ್ರೂ ಕಟ್ಟು ಅಂತಾರೆ, ಇದು ಕಟ್ಟುತ್ತೆ. ಬೇಕಾದ್ರೆ ನೀವೇ ಇದಕ್ಕೆ ಇಂಗ್ಲಿಷ್ ಕಲಿಸಿ," ಎಂದು ತನ್ನ ಬಲಗೈಯನ್ನು ಮುಂದೆ ಚಾಚಿದಳು.

ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಕೊಕ್ಕರೆಯೂ ನಕ್ಕ. ನಿರ್ದೇಶಕಿ ನಗಲಿಲ್ಲ. ನಗದ ಇನ್ನೊಬ್ಬಳು, ಹೊಲದ ಮೂಲೆಯಲ್ಲಿ ಬಟ್ಟೆಯ ನೆರಳಡಿ ನಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ ದೊಡ್ಡಮ್ಮ. ನಿರ್ದೇಶಕಿಯ ತಾಯಿಯ ಅಕ್ಕ. ನಟಿಗೆ ಸಿವುಡು ಕಟ್ಟುವುದನ್ನು ಕಲಿಸಲೆಂದು ಅವಳನ್ನು ಊರಿಂದ ಕರೆಸಿದ್ದರು. ನಡುವಯಸ್ಸಿನಲ್ಲೇ ಬಲಗೈ ಹೆಬ್ಬೆರಳಿನ ತುದಿ ಪಕ್ಕದವಳ ಕುಡುಗೋಲಿಗೆ ಹೋಗಿತ್ತು. ಅಂದಿನಿಂದ ಅವಳು ಹುರಿಯನ್ನು ಎಡಕ್ಕೆ ತಿರುಚುವಳು. ಎಲ್ಲರ ಗಂಟೂ ಬಲಕ್ಕೆ, ಅವಳದೊಂದು ಎಡಕ್ಕೆ. ಕಣದಲ್ಲಿ ಸಾವಿರ ಸಿವುಡು ಬಿದ್ದಿದ್ದರೂ ಅವಳದ್ದು ಯಾವುದೆಂದು ಕುರುಡರೂ ಮುಟ್ಟಿ ಹೇಳುತ್ತಿದ್ದರು.

ಅವಳು ಬಂದು ಎರಡು ದಿನವಾಗಿತ್ತು. ಎರಡು ದಿನದಲ್ಲಿ ನಿರ್ದೇಶಕಿಯ ಜೊತೆ ಆಡಿದ್ದು ನಾಲ್ಕೇ ಮಾತು: ಉಂಡೆಯಾ, ಮಲಗಿದೆಯಾ, ಇಳಿದುಹೋಗಿದ್ದೀಯ, ಬಿಸಿಲಲ್ಲಿ ನಿಲ್ಲಬೇಡ.

ಹೊಲದ ಯಜಮಾನ ಬಂದ. "ನೋಡಮ್ಮ, ಕಾಳು ಉದುರ್ತಾ ಇದೆ. ನಾಳೆ ಮೋಡ ಬರುತ್ತೆ ಅಂತ ನನ್ನ ಮೊಣಕಾಲು ಹೇಳ್ತಿದೆ. ಇವತ್ತು ಹೊತ್ತು ಮುಳುಗೋದ್ರೊಳಗೆ ಹೊಲ ಬರಿದಾಗ್ಬೇಕು."

"ಆಗುತ್ತೆ. ಪಡುವಣ ಕಡೆ ಆ ಒಂದು ಪಟ್ಟೆ ಮಾತ್ರ ಬಿಡಿ."

"ಎಷ್ಟು ಹೊತ್ತು?"

"ಸಂಜೆ ಬಿಸಿಲು ಹಳದಿ ಆಗೋವರೆಗೆ."

ಆ ಪಟ್ಟೆ ಮೂರು ಮಾರು ಅಗಲ, ಇಪ್ಪತ್ತು ಮಾರು ಉದ್ದ. ಅವಳ ಮೊದಲ ಚಿತ್ರದ ಕೊನೆಯ ದೃಶ್ಯ ಅಲ್ಲೇ ನಿಂತಿತ್ತು. ಒಮ್ಮೆ ಕೊಯ್ದರೆ ಮುಗಿಯಿತು. ತೆನೆಯನ್ನು ಮತ್ತೆ ನೆಟ್ಟು 'ಇನ್ನೊಂದು ಸಲ' ಎನ್ನುವ ಹಾಗಿಲ್ಲ.

ಕುರ್ಚಿಯಲ್ಲಿ ಕೊಡೆ ಹಿಡಿದು ಕೂತಿದ್ದ ನಿರ್ಮಾಪಕರೂ ಅದಕ್ಕಾಗಿಯೇ ಬಂದಿದ್ದರು. ಮೊದಲು ಮೊಳೆ, ಚಿಲಕ, ಬಾಗಿಲ ತಿರುಗಣೆ ಮಾರುತ್ತಿದ್ದವರು. ಒಳ್ಳೆಯವರೇ. ಆದರೆ ಕತೆಯನ್ನೂ ತೂಗಿಯೇ ಕೊಳ್ಳುವವರು. "ಕೊನೆ ಅಂದ್ರೆ ಮೊಳೆ ತರ ಇರ್ಬೇಕು," ಎನ್ನುತ್ತಿದ್ದರು. "ಒಂದೇ ಏಟು, ಒಳಗೆ ಹೋಗ್ಬೇಕು. ನೀನು ಆವತ್ತು ನನ್ನ ಅಂಗಡೀಲಿ ನಿಂತು ಹೇಳಿದೆಯಲ್ಲ, ಗಂಡ ಸತ್ತ ಸುದ್ದಿ ಕೇಳಿಯೂ ಸಿವುಡು ಕಟ್ತಾಳೆ ಅಂತ, ಆ ಕೊನೇನ ನೋಡಿಯೇ ನಾನು ಹೂಂ ಅಂದಿದ್ದು."

ಆ ಕೊನೆಯೇ ನಿರ್ದೇಶಕಿಯ ಮೊದಲೂ ಆಗಿತ್ತು.

ತಾಯಿ ದೂರದ ಕಾರ್ಖಾನೆಗೆ ಕೆಲಸಕ್ಕೆ ಹೋದಾಗ ಅವಳನ್ನು ದೊಡ್ಡಮ್ಮನ ಮನೆಯಲ್ಲಿ ಬಿಟ್ಟಿದ್ದಳು. ಕೂತಲ್ಲಿ ಕೂರದ ಮಗು, ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ್ದು. ಇದ್ದಿಲು ಸಿಕ್ಕರೆ ಗೋಡೆ, ಕಡ್ಡಿ ಸಿಕ್ಕರೆ ನೆಲ, ಎಲ್ಲ ಕಡೆ ಗೀಚುವುದು. ದೊಡ್ಡಮ್ಮ ಇಟ್ಟ ಹೆಸರು ಗೀಚುಬುರುಕಿ. ಹೊಲದ ಕೆಲಸ ಮುಗಿಸಿ ಬಂದು ಕಾಲು ಚಾಚಿ ಕೂತರೆ ಗೀಚುಬುರುಕಿ ಬಂದು ತೊಡೆಗೆ ತಲೆ ಕೊಡುವಳು. ಮಾತಾಡುವ ನರಿ, ಮುನಿಸಿಕೊಂಡ ಬಾವಿ, ಸುಳ್ಳು ಹೇಳಿದ್ದಕ್ಕೆ ಉದ್ದ ಬೆಳೆಯುತ್ತ ಹೋದ ನೆರಳು, ಹೀಗೆ ದೊಡ್ಡಮ್ಮನ ಬಾಯಲ್ಲಿ ಕತೆಗೆ ಬರವಿರಲಿಲ್ಲ.

ಅವಳಿಗೆ ಎಂಟು ವರ್ಷವಿದ್ದಾಗ, ಇಂಥದೇ ಕೊಯ್ಲಿನ ದಿನ, ನೀರಿನ ಕೊಡ ಕಾಯುತ್ತ ಬದುವಿನ ಮೇಲೆ ಕೂತಿದ್ದಳು. ಮರ ಕೊಯ್ಯುವ ಕಾರ್ಖಾನೆಯಲ್ಲಿ ದೊಡ್ಡಪ್ಪನ ಜೊತೆ ಕೆಲಸ ಮಾಡುವವನೊಬ್ಬ ಬಂದ. ಹೊಲಕ್ಕಿಳಿದು ದೊಡ್ಡಮ್ಮನ ಹತ್ತಿರ ಹೋಗಿ ಏನೋ ಹೇಳಿದ. ದೊಡ್ಡಮ್ಮ ಏನೋ ಕೇಳಿದಳು. ಅವನು ತಲೆ ತಗ್ಗಿಸಿ ಇನ್ನೇನೋ ಹೇಳಿ ಹೋದ. ದೊಡ್ಡಮ್ಮ ಬಾಗಿ ಸಿವುಡು ಕಟ್ಟತೊಡಗಿದಳು. ಹೊಲದ ಕೊನೆಯವರೆಗೆ ಕಟ್ಟಿದಳು. ಆಮೇಲೆ ಇಬ್ಬರೂ ಮನೆಗೆ ಹೋದರೆ ಅಂಗಳದಲ್ಲಿ ದೊಡ್ಡಪ್ಪನನ್ನು ಮಲಗಿಸಿದ್ದರು.

ಹತ್ತೊಂಬತ್ತಕ್ಕೆ, ಹಾಸ್ಟೆಲಿನ ಕಬ್ಬಿಣದ ಮಂಚದ ಮೇಲೆ, ಒಂದೇ ಬೈಠಕ್ಕಿನಲ್ಲಿ ಅದನ್ನು ಬರೆದಳು. ಹೊಲದಲ್ಲಿ ಅವರಿಬ್ಬರು ಆಡಿದ ಮಾತು ಅವಳಿಗೆ ಕೇಳಿಸಿರಲಿಲ್ಲ. ನೂರು ಹೆಜ್ಜೆಯ ದೂರ, ಮೇಲೆ ಗಾಳಿ. ಕೇಳಿಸದ್ದನ್ನು ತಾನೇ ತುಂಬಿದಳು. 'ನಿನ್ನ ಗಂಡ ಹೋದ' ಎಂದು ಅವನ ಬಾಯಿಗೆ ಹಾಕಿದಳು. 'ಇನ್ನೆಷ್ಟು ಸಿವುಡು ಉಳಿದಿವೆ?' ಎಂದು ಇವಳ ಬಾಯಿಗೆ. ಕಾಲೇಜಿನ ಸಂಚಿಕೆಯಲ್ಲಿ ಅಚ್ಚಾಯಿತು. ಮೊದಲ ಬಹುಮಾನ ಬಂತು. ಮೇಷ್ಟ್ರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದರು: 'ಕಣ್ಣಿಗೆ ಕಟ್ಟಿದ ಹಾಗಿದೆ.'

ರಜೆಗೆ ಊರಿಗೆ ಹೋದಾಗ ದೊಡ್ಡಮ್ಮ ಊಟಕ್ಕಿಟ್ಟು ಎದುರು ಕೂತಿದ್ದಳು. "ದರ್ಜಿ ಅಂಗಡೀಲಿ ಓದಿ ಹೇಳಿದ್ರು. ಚೆನ್ನಾಗಿ ಕಟ್ಟಿದ್ದೀಯ ಕತೆ," ಅಂದಳು. ಅಷ್ಟೇ. ಅಂದಿನಿಂದ ಅವಳು ಒಂದು ಕತೆಯನ್ನೂ ಹೇಳಿರಲಿಲ್ಲ. ಮಗು ಬೆಳೆದಿದೆ, ಅದಕ್ಕೇ ಇರಬೇಕು ಎಂದು ಗೀಚುಬುರುಕಿ ಅಂದುಕೊಂಡಿದ್ದಳು.

ಆಮೇಲಿನದು ಓಟ. ಟೈರು ಅಂಗಡಿಯ ಮೇಲಿನ ಬಾಡಿಗೆ ಕೋಣೆ, ಕೆಳಗಿನ ಸುತ್ತಿಗೆಯ ಏಟಿಗೆ ಅಲುಗುವ ಮೇಜು. ಬೇರೆಯವರ ಹೆಸರಲ್ಲಿ ಬರುವ ಸಂಭಾಷಣೆಗಳನ್ನು ಬರೆದಳು. ಒಬ್ಬ ದೊಡ್ಡ ನಿರ್ದೇಶಕನ ಬಳಿ ಐದನೇ ಸಹಾಯಕಿಯಾದಳು. ಒಂಬತ್ತು ವರ್ಷ ಅವಳ ಕೈಯಲ್ಲಿದ್ದದ್ದು ಒಂದು ನೀಲಿ ರಟ್ಟಿನ ಪುಸ್ತಕ. ಹಿಂದಿನ ಶಾಟಿನಲ್ಲಿ ಲೋಟ ಯಾವ ಕೈಯಲ್ಲಿತ್ತು, ಮೇಲಿನ ಗುಂಡಿ ಹಾಕಿತ್ತೋ ಬಿಚ್ಚಿತ್ತೋ, ಬೆವರ ಹನಿ ಕೆನ್ನೆಯಲ್ಲಿತ್ತೋ ಗಲ್ಲಕ್ಕಿಳಿದಿತ್ತೋ, ಎಲ್ಲ ಬರೆದಿಡಬೇಕು. ಒಂದು ತಪ್ಪಿದರೆ ಇಡೀ ತಂಡ ಉಗಿಯುತ್ತಿತ್ತು. ನಡುನಡುವೆ ಸಿಕ್ಕಸಿಕ್ಕ ನಿರ್ಮಾಪಕರ ಸೋಫಾದ ತುದಿಯಲ್ಲಿ ಕೂತು ತನ್ನ ಕತೆ ಹೇಳುವಳು. ಹದಿನೇಳು ಮಂದಿಗೆ ಹೇಳಿದ್ದಳು. ಪ್ರತಿ ಸಲವೂ ಕತೆಯಲ್ಲಿನ ಆ ಹೆಂಗಸಿನ ಕಣ್ಣು ಇನ್ನಷ್ಟು ಒಣಗುತ್ತಿತ್ತು, ಗಂಟು ಇನ್ನಷ್ಟು ಬಿಗಿಯಾಗುತ್ತಿತ್ತು. ಹದಿನೆಂಟನೆಯವರು ಈ ಮೊಳೆಯಂಗಡಿಯವರು.

ಮೂರು ಗಂಟೆಗೆ, ಕೊಯ್ದು ಮುಗಿದ ಜಾಗದಲ್ಲಿ ತಾಲೀಮು ಇಟ್ಟುಕೊಂಡರು. ಸುದ್ದಿ ತರುವ ಪಾತ್ರದ ನಟ ಬದುವಿಳಿದು ಬಂದ. "ನಿನ್ನ ಗಂಡ ಹೋದ," ಅಂದ. ನಟಿ ಅವನನ್ನೇ ನೋಡಿದಳು. ಮುಖ ಕಲ್ಲಾಯಿತು. ಬಾಗಿ ಹುರಿ ಎತ್ತಿಕೊಂಡಳು. ಕೈಗಳ ಚಿತ್ರವನ್ನು ಬೇರೆಯಾಗಿ ತೆಗೆಯಬೇಕಿದ್ದರಿಂದ ದೊಡ್ಡಮ್ಮ ಪಕ್ಕದಲ್ಲೇ, ಕ್ಯಾಮೆರಾಗೆ ಕಾಣದಂತೆ, ಒಂದು ರಾಶಿ ಗೋಧಿಯ ಮುಂದೆ ಕೂತಿದ್ದಳು.

"ಕಟ್!" ಎಂದಳು ನಿರ್ದೇಶಕಿ. "ಇನ್ನೂ ಗಟ್ಟಿ ಬೇಕು. ಕಣ್ಣು ಮಿಟುಕಿಸ್ಬೇಡಿ."

ದೊಡ್ಡಮ್ಮನ ಕೈ ಹುರಿ ಹೊಸೆದು ಸಿವುಡು ಕಟ್ಟುತ್ತಿತ್ತು. ಗೋಧಿ ಕಡ್ಡಿ ಸರಬರ ಸದ್ದು ಮಾಡಿತು. ಧ್ವನಿ ಹಿಡಿಯುವವನು ಕಿವಿಯ ಮುಚ್ಚಳ ತೆಗೆದು ಅತ್ತ ನೋಡಿದ. ಬೆಳಗಿನಿಂದ ಕೂಡಿಟ್ಟಿದ್ದ ಚಡಪಡಿಕೆಯೆಲ್ಲ ನಿರ್ದೇಶಕಿಯ ಬಾಯಿಗೆ ಬಂತು.

"ದೊಡ್ಡಮ್ಮಾ, ನೀನೂನಾ? ಕಟ್ ಅಂದ್ರೆ ನಿಲ್ಲಿಸು ಅಂತ ಎಷ್ಟು ಸಲ ಹೇಳ್ಲಿ!"

ದೊಡ್ಡಮ್ಮ ತಲೆಯೆತ್ತಲಿಲ್ಲ. ಎಡಕ್ಕೆ ತಿರುಚಿದ ಗಂಟನ್ನು ಒಳಗೆ ತುರುಕಿದಳು.

"ಅವತ್ತೂ ಹೀಗೇ," ಅಂದಳು. "ಕಟ್ಟು ಅಂದ್ರು, ಕಟ್ಟಿದೆ. ಆಮೇಲೆ ಯಾಕೆ ಕಟ್ಟಿದೆ ಅಂದ್ರು."

ನಿರ್ದೇಶಕಿ ತುತ್ತೂರಿ ಕೆಳಗಿಟ್ಟಳು. "ಯಾವತ್ತು?"

"ಇನ್ಯಾವತ್ತು? ನೀನು ಬರೆದೆಯಲ್ಲ, ಅವತ್ತು."

"ಯಾರು ಕಟ್ಟು ಅಂದ್ರು?"

"ಬಂದಿದ್ನಲ್ಲ, ಅವನು. ಸ್ವಲ್ಪ ಹುಷಾರಿಲ್ಲ, ಮನೆಗೆ ಕರ್ಕೊಂಡು ಬಂದಿದ್ದೀವಿ ಅಂದ. ಈಗಲೇ ಬರ್ಲಾ ಅಂತ ಕೇಳಿದೆ. ಏನೂ ಅವಸರ ಇಲ್ಲ, ಕಟ್ಟಿ ಬಾ ಅಂದ." ದೊಡ್ಡಮ್ಮ ಸಿವುಡನ್ನು ಪಕ್ಕಕ್ಕೆ ಸರಿಸಿದಳು. "ಪಾಪ, ಅವನ ಬಾಯಿಗೆ ಬರ್ಲಿಲ್ಲ. ಹೋದ ಮೇಲೆ ಇನ್ನೆಂಥ ಅವಸರ ಅಂತ ಅವನಿಗೆ ಗೊತ್ತಿತ್ತು. ನನಗೆ ಗೊತ್ತಿರ್ಲಿಲ್ಲ. ಗಂಡನಿಗೆ ಜ್ವರ, ಬೇಗ ಮುಗಿಸಿ ಹೋಗಿ ಕಷಾಯ ಕಾಯಿಸೋಣ ಅಂತ ಎರಡೆರಡು ಹಿಡಿ ಒಟ್ಟಿಗೆ ಕಟ್ಟಿದೆ. ನೀನು ನೋಡಿದೆಯಲ್ಲ, ಓಡಿ ಓಡಿ ಕಟ್ಟಿದ್ದು?"

ಅವಳು ನೋಡಿದ್ದಳು. ಈಗ ನೆನಪಾಯಿತು. ದೊಡ್ಡಮ್ಮ ಅವತ್ತು ಓಡುತ್ತಿದ್ದಳು. ಕೊನೆಯ ಸಾಲಿನ ಗಂಟುಗಳು ಸಡಿಲವಾಗಿ ಮರುದಿನ ಬಿಚ್ಚಿಕೊಂಡಿದ್ದವು. ಕತೆಯಲ್ಲಿ ಮಾತ್ರ ಅವಳು ನಿಧಾನವಾಗಿ ಕಟ್ಟಿದ್ದಳು. ನಿಧಾನವೇ ಚೆಂದ ಕಂಡಿತ್ತು. ಒಂಬತ್ತು ವರ್ಷ ಊರವರ ಲೋಟ, ಗುಂಡಿ, ಬೆವರು ಬರೆದಿಟ್ಟವಳು ತನ್ನ ದೊಡ್ಡಮ್ಮನ ಕೈಯನ್ನು ತಪ್ಪು ಬರೆದಿದ್ದಳು.

"ನನಗೆ ಯಾಕೆ ಹೇಳ್ಲಿಲ್ಲ?"

"ನೀನು ಎಲ್ಲಿ ಕೇಳಿದೆ? ಬಹುಮಾನದ ಫೋಟೋ ಕಳಿಸಿದ್ದೆ. ಅದರಲ್ಲಿ ನಗ್ತಿದ್ದೆ."

"ಊರಲ್ಲಾದ್ರೂ..."

"ಹೇಳಿದೆ. ನಮ್ಮತ್ತೆಗೇ ಮೊದಲು ಹೇಳಿದೆ. ಅಚ್ಚಾಗಿದೆಯಲ್ಲೇ ಅಂದ್ರು. ಮಗು ಕಣ್ಣಾರೆ ಕಂಡು ಬರೆದಿದೆ, ನೀನು ಬಾಯಲ್ಲಿ ಹೇಳ್ತೀಯ ಅಂದ್ರು. ಮಗ ಸತ್ತಿದ್ದು ಗೊತ್ತಿದ್ದೂ ಕಟ್ಟಿದವಳು ಅಂತ ಆರು ವರ್ಷ ಬೇರೆ ಒಲೆ ಹಚ್ಕೊಂಡ್ರು. ಒಂದೇ ಮನೆ, ಎರಡು ಹೊಗೆ. ಸಾಯೋವಾಗ ನೀರು ಕೊಡೋಕೆ ಹೋದೆ, ಬಾಯಿ ಮುಚ್ಕೊಂಡ್ರು."

ನಟಿ ಮುಖ ತಿರುಗಿಸಿದಳು. ಮುದುಕಿ ಮುಂದಾಳು ತನ್ನ ಕೈಯನ್ನೇ ನೋಡಿಕೊಂಡಳು. ದೊಡ್ಡಮ್ಮ ಮಾತ್ರ ಸೆರಗಿನಿಂದ ಹೊಟ್ಟು ಕೊಡವುತ್ತ, ಬೇರೆ ಯಾರದೋ ವಿಷಯ ಆಡಿದವಳಂತೆ ಕೂತಿದ್ದಳು.

"ಮತ್ತೆ ನಾನು ಕರೆದಾಗ ಯಾಕೆ ಬಂದೆ?"

"ಆ ಹುಡುಗಿಗೆ ಕಟ್ಟೋಕೆ ಬರಲ್ಲ ಅಂದೆ. ಬಂದೆ. ಕಟ್ಟೋದನ್ನಾದ್ರೂ ಸರಿಯಾಗಿ ತೋರಿಸ್ಲಿ ಅಂತ."

ನಿರ್ದೇಶಕಿ ಬದು ಹತ್ತಿದಳು. ಈ ತುದಿಯಿಂದ ಆ ತುದಿಗೆ ನಡೆದಳು. ಮತ್ತೆ ಬಂದಳು. ಪಟ್ಟೆಯ ಮೇಲಿನ ಬಿಸಿಲು ಬಣ್ಣ ತಿರುಗುತ್ತಿತ್ತು. ಹೆಚ್ಚೆಂದರೆ ಮುಕ್ಕಾಲು ಗಂಟೆ. ಕೈಯಲ್ಲಿದ್ದ ಚಿತ್ರಕತೆಯ ಕೊನೆಯ ಹಾಳೆ ಬೆವರಿಗೆ ಮೆತ್ತಗಾಗಿತ್ತು. ಅದನ್ನು ಹಾಗೇ ತೆಗೆದರೆ ಚಿತ್ರ ಗಟ್ಟಿ. ಹದಿನೇಳು ಸೋಫಾಗಳಲ್ಲಿ ಪರೀಕ್ಷೆಯಾದ ಕೊನೆ. ಮೊದಲ ಸಲ ಅಚ್ಚಾದದ್ದನ್ನು ಒಂದು ಊರು ನಂಬಿತ್ತು. ಈ ಸಲ ಎಷ್ಟು ಊರು ನಂಬುತ್ತವೋ.

ಅವಳು ನಿರ್ಮಾಪಕರ ಕುರ್ಚಿಯ ಮುಂದೆ ನಿಂತಳು. "ಸರ್, ಅವಳಿಗೆ ಗೊತ್ತಿರಲ್ಲ."

"ಏನು ಗೊತ್ತಿರಲ್ಲ?"

"ಗಂಡ ಸತ್ತಿದ್ದು. ಬಂದವನು ಹೇಳಲ್ಲ. ಕಟ್ಟಿ ಬಾ ಅಂತಾನೆ. ಅವಳು ಬೇಗ ಬೇಗ ಕಟ್ತಾಳೆ."

ಅವರು ಕೊಡೆ ಮಡಿಸಿದರು. "ಮೊಳೆ ಎಲ್ಲಮ್ಮ ಹೋಯ್ತು? ಗೊತ್ತಿಲ್ದೆ ಕಟ್ಟೋದು ಯಾರು ಬೇಕಾದ್ರೂ ಕಟ್ತಾರೆ. ಸಿವುಡು ಕಟ್ಟೋದನ್ನ ತೋರಿಸೋಕೆ ನಾನ್ಯಾಕೆ ಬೇಕು? ಈ ಯಜಮಾನ್ರೇ ಪುಕ್ಕಟೆ ತೋರಿಸ್ತಾರೆ."

ಕೊಕ್ಕರೆ ಕತ್ತು ಚಾಚಿ ಅಲ್ಲೇ ನಿಂತಿದ್ದ. "ಸರ್, ಅವಳಿಗೆ ಗೊತ್ತಿಲ್ಲ. ಆದ್ರೆ ಟಿಕೇಟು ತಗೊಂಡು ಕೂತವನಿಗೆ ಗೊತ್ತು. ಗಂಡ ಬಿದ್ದು ಸತ್ತದ್ದನ್ನ ಹಿಂದಿನ ದೃಶ್ಯದಲ್ಲೇ ತೋರಿಸಿದ್ದೀವಿ. ಅವಳು ಓಡಿ ಓಡಿ ಕಟ್ತಾ ಇದ್ರೆ..." ಮಾತು ಮುಗಿಸದೆ ತನ್ನ ಉದ್ದ ಕೈಯಿಂದ ಎದೆ ಒತ್ತಿಕೊಂಡ.

ನಿರ್ಮಾಪಕರು ಪಟ್ಟೆಯ ಕಡೆ ನೋಡಿದರು. ರಾಶಿಯ ಮುಂದೆ ಕೂತ ದೊಡ್ಡಮ್ಮನ ಕಡೆಗೂ ನೋಡಿದರು.

"ಎರಡನ್ನೂ ತೆಗಿ. ಆಮೇಲೆ ನೋಡೋಣ."

"ಪಟ್ಟೆ ಒಂದೇ ಇದೆ, ಸರ್."

"ನಾಳೆ ಇದು ಚೆನ್ನಾಗಿಲ್ಲ ಅಂದ್ರೆ?"

"ಅಂದ್ರೆ ಇಲ್ಲ. ಅಷ್ಟೇ."

"ನಿನ್ನ ಎರಡನೇ ಚಿತ್ರಕ್ಕೆ ನನ್ನ ಅಂಗಡಿ ಮೆಟ್ಟಿಲು ಹತ್ತಬೇಡ ಹಾಗಾದ್ರೆ," ಎಂದು ಅವರು ಎದ್ದು ಕಾರಿನ ಕಡೆ ನಾಲ್ಕು ಹೆಜ್ಜೆ ಹಾಕಿದರು. ಆದರೆ ಕಾರಿಗೆ ಹೋಗಲಿಲ್ಲ. ಬೇಲಿಯ ಹತ್ತಿರ ಬೆನ್ನು ತಿರುಗಿಸಿ ನಿಂತರು.

ಅವಳು ಹೊಲಕ್ಕಿಳಿದಳು. ಸುದ್ದಿಯ ಪಾತ್ರದವನಿಗೆ ಹೊಸ ಮಾತು ಹೇಳಿಕೊಟ್ಟಳು. ನಟಿಗೆ ಅಂದಳು: "ಮುಖದ ಬಗ್ಗೆ ಯೋಚನೆ ಮಾಡ್ಬೇಡಿ. ಮನೇಲಿ ಒಬ್ಬರಿಗೆ ಜ್ವರ. ಬೇಗ ಹೋಗ್ಬೇಕು. ಅಷ್ಟೇ."

"ಎಲ್ಲಿವರೆಗೆ ಕಟ್ಲಿ?"

"ಪಟ್ಟೆ ಮುಗಿಯೋವರೆಗೆ."

ಬಿಸಿಲು ಹಳದಿಯಾಯಿತು. ಹನ್ನೊಂದು ಹೆಂಗಸರು, ಅವರ ನಡುವೆ ನಟಿ, ಪಟ್ಟೆಗೆ ಬಿದ್ದರು. ಗಾಳಿಗೆ ತೆನೆ ಬಾಗಿ ಏಳುತ್ತಿತ್ತು. ಅವನು ಬಂದ. "ಸ್ವಲ್ಪ ಹುಷಾರಿಲ್ಲ," ಅಂದ. ಈಗಲೇ ಬರ್ಲಾ ಅಂತ ಅವಳು ಕೇಳಿದಳು. "ಏನೂ ಅವಸರ ಇಲ್ಲ. ಕಟ್ಟಿ ಬಾ," ಎಂದು ತಲೆ ತಗ್ಗಿಸಿ ಹೋದ. ನಟಿ ಒಂದು ಕ್ಷಣ ಅವನ ಬೆನ್ನು ನೋಡಿ, ಬಾಗಿ, ಎರಡು ಹಿಡಿ ಒಟ್ಟಿಗೆ ಸೇರಿಸಿ ಕಟ್ಟಿದಳು. ಹುರಿ ತುಂಡಾಯಿತು. ಇನ್ನೊಂದು ಹೊಸೆದಳು. ಯಾರೂ ಹೇಳಿಕೊಡದೆ ಎಡಕ್ಕೆ ತಿರುಚಿದಳು. ಎರಡು ದಿನ ನೋಡಿದ್ದೇ ಆ ಗಂಟು. ಪಕ್ಕದ ಹೆಂಗಸರು ತಮ್ಮ ಕೆಲಸದಲ್ಲಿದ್ದರು. ಅವಳು ಅವರಿಗಿಂತ ಮುಂದೆ ಹೋದಳು, ಕಾಲಿಗೆ ಕೂಳೆ ಚುಚ್ಚಿ ಮುಗ್ಗರಿಸಿದಳು, ಎದ್ದಳು, ಕಟ್ಟಿದಳು. ಒಮ್ಮೆ ಮನೆಯ ದಿಕ್ಕಿಗೆ ನೋಡಿ ಮುಗುಳ್ನಕ್ಕಳು ಕೂಡ, ಇದೋ ಬಂದೆ ಎನ್ನುವಂತೆ. ಕೊಕ್ಕರೆಯ ಉಸಿರು ಕೇಳಿಸುತ್ತಿತ್ತು.

ನಿರ್ದೇಶಕಿಯ ತುತ್ತೂರಿ ಬದುವಿನ ಮೇಲೆಯೇ ಬಿದ್ದಿತ್ತು. ಕೂಗಬೇಕಾದ ಆ ಒಂದು ಮಾತನ್ನು ಅವಳು ಕೂಗಲಿಲ್ಲ. ಕ್ಯಾಮೆರಾ ಓಡುತ್ತಲೇ ಇತ್ತು. ಪಟ್ಟೆ ಮುಗಿಯಿತು. ನಟಿ ಕೊನೆಯ ಸಿವುಡು ಎತ್ತಿ ಕಂಕುಳಿಗೆ ಹಾಕಿಕೊಂಡು ಎತ್ತ ಹೋಗುವುದೆಂದು ತಿಳಿಯದೆ ನಿಂತಳು.

ಕ್ಯಾಮೆರಾದ ಪಕ್ಕದಿಂದ ದೊಡ್ಡಮ್ಮ ಮೆಲ್ಲಗೆ ಅಂದಳು: "ಸಾಕು. ಪಾಪ, ಅವಳನ್ನ ಮನೆಗೆ ಕಳಿಸು."

ಕೊಕ್ಕರೆ ಕ್ಯಾಮೆರಾ ನಿಲ್ಲಿಸಿದ. ಬೇಲಿಯ ಹತ್ತಿರ ನಿರ್ಮಾಪಕರು ಇತ್ತ ತಿರುಗಿ ನಿಂತಿದ್ದರು, ಯಾವಾಗ ತಿರುಗಿದರೋ. ಮೂಗು ಒರೆಸಿಕೊಂಡು, "ಧೂಳು," ಎಂದು ಯಾರಿಗೂ ಅಲ್ಲದಂತೆ ಹೇಳಿ ಕಾರು ಹತ್ತಿದರು. ಚೆನ್ನಾಗಿದೆ ಎನ್ನಲಿಲ್ಲ. ಚೆನ್ನಾಗಿಲ್ಲ ಎಂದೂ ಅನ್ನಲಿಲ್ಲ.

ಹೆಂಗಸರು ಸಿವುಡು ಹೊತ್ತು ಗಾಡಿಯ ಕಡೆ ನಡೆದರು. ಬರಿದಾದ ಹೊಲದಲ್ಲಿ ಇಬ್ಬರೇ ಉಳಿದರು.

"ಚಿತ್ರ ಬಂದ ಮೇಲೆ ಊರೆಲ್ಲ ನೋಡುತ್ತೆ, ದೊಡ್ಡಮ್ಮ. ಎಲ್ಲರಿಗೂ ಗೊತ್ತಾಗುತ್ತೆ."

"ನೋಡ್ಲಿ. ದರ್ಜಿ ಅಂಗಡಿಯವರಿಗೆ ಹೊತ್ತು ಹೋಗುತ್ತೆ." ದೊಡ್ಡಮ್ಮ ಸೊಂಟಕ್ಕೆ ಕೈಕೊಟ್ಟು ಎದ್ದಳು. "ನೋಡ್ಬೇಕಾದವರು ಆರು ವರ್ಷ ಬೇರೆ ಒಲೆ ಉರಿಸಿ ಹೋದ್ರಲ್ಲ. ಅವರಿಗೆ ಯಾರು ತೋರಿಸ್ತಾರೆ?"

ಓಡುವ ಗಡಿಬಿಡಿಯಲ್ಲಿ ನಟಿಯ ಕೈಯಿಂದ ಜಾರಿದ ಎರಡು ಹಿಡಿ ಗೋಧಿ ಕೂಳೆಯ ಮೇಲೆ ಬಿದ್ದಿತ್ತು. ಸುಮ್ಮನೆ ನಿಲ್ಲಲಾರದೆ ಗೀಚುಬುರುಕಿ ಬಗ್ಗಿ ಅದನ್ನು ಎತ್ತಿಕೊಂಡಳು. ನಾಲ್ಕು ಕಡ್ಡಿ ಹೊಸೆದು ಹುರಿ ಮಾಡಿ ಸುತ್ತಿ ಕಟ್ಟಿದಳು. ಎತ್ತಿದೊಡನೆ ಗಂಟು ಜಾರಿ ಎಲ್ಲ ಕಾಲ ಮೇಲೆ ಸುರಿಯಿತು.

ದೊಡ್ಡಮ್ಮ ಹತ್ತಿರ ಬರಲಿಲ್ಲ. ಕೈ ಮುಂದೆ ಚಾಚಲಿಲ್ಲ. ಆದರೆ ಹೋಗಲೂ ಇಲ್ಲ.

"ಕಾಳು ಉದುರ್ತಾ ಇದೆ," ಅಂದಳು. "ಕೂತ್ಕೊಂಡು ಕಟ್ಟು. ನಾನು ಕಾಯ್ತೀನಿ."